ಈ ಮಾತ್ರೆ ಉಷ್ಣವಾ, ಅಂಕಲ್?

ಹೊಟ್ಟೆಯುರಿಗೆ ನನ್ನ ಅಂಗಡಿಯಲ್ಲಿ ಜೆಲುಸಿಲ್ ಇದೆ. ಹೊಟ್ಟೆಕಿಚ್ಚಿಗೆ ಏನೂ ಇಲ್ಲ. ಬಿಟಿಎಂ ಬಡಾವಣೆಯಲ್ಲಿ 31 ವರ್ಷದಿಂದ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿರುವ ನನ್ನನ್ನು ಈಗ ಹಿಡಿದಿರುವುದು ಈ ಎರಡನೆಯ ಕಾಯಿಲೆ. ಕಿಚ್ಚು ಪಕ್ಕದ ರಸ್ತೆಯಲ್ಲಿ ಶೇಕಡಾ ಇಪ್ಪತ್ತು ರಿಯಾಯಿತಿ ಬೋರ್ಡು ಹಾಕಿಕೊಂಡವನ ಮೇಲಲ್ಲ. ಹತ್ತು ನಿಮಿಷಕ್ಕೆ ಮಾತ್ರೆ ಮನೆಗೆ ಮುಟ್ಟಿಸುವ ಆ್ಯಪ್‌ನವರ ಮೇಲೂ ಅಲ್ಲ. ನನ್ನ ಹಾಗೇ ಮಾತ್ರೆ ಮಾರಿ, ಒಂದೇ ಒಂದು ಪ್ರಶ್ನೆಗೂ ಉತ್ತರ ಕೊಡದೆ ಬದುಕುತ್ತಿರುವ ಒಬ್ಬ ಸಹವ್ಯಾಪಾರಿಯ ಮೇಲೆ. ಅವನನ್ನು ನಾನು ಕಂಡಿಲ್ಲ. ಅವನ ಗಿರಾಕಿಗಳಲ್ಲೂ ಬಹಳ ಜನ ಕಂಡಿಲ್ಲ. ಎಲ್ಲರೂ ಅವನನ್ನು ಕರೆಯುವುದು ‘ಬ್ರೋ’ ಅಂತ.

ನನ್ನ ಪಾಡು ಸ್ವಲ್ಪ ಕೇಳಿ. ಮಾತ್ರೆ ಮಾರಬೇಕಾದರೆ ಫಾರ್ಮ್ 20, ಫಾರ್ಮ್ 21 ಅಂತ ಎರಡು ಲೈಸೆನ್ಸುಗಳನ್ನು ಗಿರಾಕಿಯ ಕಣ್ಣಿಗೆ ಬೀಳುವ ಹಾಗೆ ಗೋಡೆಗೆ ನೇತುಹಾಕಬೇಕು. ಪಕ್ಕದಲ್ಲಿ ಫಾರ್ಮಸಿ ಕೌನ್ಸಿಲ್ಲಿನ ಸರ್ಟಿಫಿಕೇಟು. ಅದರಲ್ಲಿ ತಲೆತುಂಬ ಕೂದಲಿರುವ ನನ್ನ ಫೋಟೋ. ಎಚ್-1 ಪಟ್ಟಿಯ ಮಾತ್ರೆಯಾದರೆ ಬೇರೆ ರಿಜಿಸ್ಟರು: ಡಾಕ್ಟರು ಯಾರು, ರೋಗಿ ಯಾರು, ಮಾತ್ರೆ ಯಾವುದು, ಎಷ್ಟು ಕೊಟ್ಟೆ, ಎಲ್ಲ ಬರೆದು ಮೂರು ವರ್ಷ ಜೋಪಾನ ಮಾಡಬೇಕು. ಎಕ್ಸ್ ಪಟ್ಟಿಯದಾದರೆ ಅದಕ್ಕೆಂದೇ ಇನ್ನೊಂದು ಲೈಸೆನ್ಸು, ಬೀಗ ಹಾಕಿದ ಕಪಾಟು, ಡಾಕ್ಟರ ಚೀಟಿಯ ನಕಲು ಎರಡು ವರ್ಷ. ಇವೆಲ್ಲ ಸರಿಯಾಗಿದೆಯಾ ಅಂತ ನೋಡಲು ಡ್ರಗ್ ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆ. ಅವರು ಹೋದಮೇಲೆ ಅವರಿಗಿಂತ ದೊಡ್ಡ ಇನ್‌ಸ್ಪೆಕ್ಟರು ಬರುತ್ತಾನೆ. ಅವನಿಗೆ ಗಿರಾಕಿ ಅಂತ ಹೆಸರು.

ಅಂಥ ಗಿರಾಕಿಗಳಲ್ಲಿ ಮುಕುಟಮಣಿ ನಮ್ಮ ಎರಡನೇ ಮಹಡಿಯ ಬಾಡಿಗೆ ಹುಡುಗ. ಊರು ಅರಸೀಕೆರೆ. ಅಪ್ಪನಿಗೆ ತೆಂಗಿನಕಾಯಿ ಮಂಡಿ. ಹುಡುಗನಿಗೆ ಸಾಫ್ಟ್‌ವೇರ್ ಟೆಸ್ಟಿಂಗಿನ ಕೆಲಸ. ಜಗತ್ತಿನ ಇನ್ನೊಂದು ಮೂಲೆಯಲ್ಲಿ ಯಾರೋ ಒಬ್ಬಳು ತನ್ನ ಬ್ಯಾಂಕಿನ ಆ್ಯಪ್‌ನಲ್ಲಿ ಒಂದು ಗುಂಡಿ ಒತ್ತಿದರೆ ಏನೂ ಎಡವಟ್ಟಾಗಬಾರದು ಅಂತ ಆ ಗುಂಡಿಯನ್ನು ಇವನು ಇಲ್ಲಿ ಕೂತು ಸಾವಿರ ಸಲ ಒತ್ತಿ ನೋಡುತ್ತಾನೆ. ವೃತ್ತಿಯಲ್ಲೂ ಅನುಮಾನ, ಪ್ರವೃತ್ತಿಯಲ್ಲೂ ಅನುಮಾನ. ಗಂಟಲು ನೋವಿಗೆ ಡಾಕ್ಟರು ಬರೆದ ಮೂರೇ ಮೂರು ಅಜಿತ್ರೋಮೈಸಿನ್ ಮಾತ್ರೆ ಕೊಳ್ಳಲು ಅವನಿಗೆ ಇಪ್ಪತ್ತು ನಿಮಿಷ ಬೇಕು.

“ಈ ಮಾತ್ರೆ ಉಷ್ಣವಾ, ಅಂಕಲ್?”

“ಸ್ವಲ್ಪ.”

“ಬಾಯಿ ಹುಣ್ಣಾಗುತ್ತಾ? ಮೊಸರು ತಿನ್ನಬಹುದಾ? ಗ್ಯಾಸ್ ಮಾತ್ರೆ ಜೊತೆಗೆ ತಗೋಬೇಕಾ? ಎಕ್ಸ್‌ಪೈರಿ ಯಾವಾಗ? ಬೇರೆ ಕಂಪನಿದು ತೋರಿಸಿ.”

ಸ್ಟ್ರಿಪ್ಪನ್ನು ಹಿಂದೆ ಮುಂದೆ ತಿರುಗಿಸಿ, ಫೋಟೋ ತೆಗೆದು, ಯಾವುದೋ ಆ್ಯಪ್‌ಗೆ ಹಾಕಿ, ಅದು ಹೇಳಿದ ಹದಿನಾಲ್ಕು ಅಡ್ಡಪರಿಣಾಮಗಳನ್ನು ನನಗೇ ಓದಿ ಹೇಳುತ್ತಾನೆ. ಅವರಮ್ಮ ಊರಿಂದ ಬಂದಾಗ ತಳ್ಳುಗಾಡಿಯ ಮುಂದೆ ನಿಂತು ಒಂದೊಂದು ಬೆಂಡೆಕಾಯಿಯ ತುದಿಯನ್ನೂ ಮುರಿದು ನೋಡುವುದನ್ನು ಕಂಡಿದ್ದೇನೆ. ರಕ್ತಗುಣ. ಈ ಹುಡುಗ ತಿನ್ನುವುದು ಸಿರಿಧಾನ್ಯ, ಬಳಸುವುದು ಗಾಣದ ಎಣ್ಣೆ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಕೂಡದು ಅಂತ ನಮ್ಮ ಸರ್ಕಾರ ಆಜ್ಞೆ ಹೊರಡಿಸಿದಾಗ ಬೀದಿಯ ವಾಟ್ಸ್‌ಆ್ಯಪ್ ಗ್ರೂಪಿಗೆ ಆ ಸುದ್ದಿಯನ್ನು ಮೊದಲು ಹಾಕಿದವನೂ ಇವನೇ. ಕೆಳಗೆ ಮೂರು ಕೆಂಪು ಗುರುತು.

ಇಂಥವನು ಎರಡು ವಾರಕ್ಕೊಮ್ಮೆ ಶುಕ್ರವಾರ ಸಂಜೆ ಮಾತ್ರ ಒಂದೂ ಪ್ರಶ್ನೆ ಕೇಳದೆ ವ್ಯಾಪಾರ ಮಾಡುತ್ತಿದ್ದ. ಚೂಯಿಂಗ್ ಗಮ್ ಒಂದು ಡಬ್ಬಿ, ಎಲೆಕ್ಟ್ರಾಲ್ ಆರು ಪ್ಯಾಕೆಟ್, ಕಣ್ಣಿನ ಡ್ರಾಪ್ಸ್ ಒಂದು. “ಮ್ಯಾಚಿದೆ ಅಂಕಲ್” ಅನ್ನುತ್ತಿದ್ದ. ಆಟ ಆಡುವ ಹುಡುಗರು, ಬಿಸಿಲಿಗೆ ಬೆವರು ಹರಿಸುತ್ತಾರೆ, ಒಳ್ಳೆಯದೇ ಅಂದುಕೊಂಡೆ. ಮಂಗಳವಾರ ಬಂದು, ಮುಖ ಬಾಡಿದ ಬಾಳೆಲೆಯ ಹಾಗೆ ಮಾಡಿಕೊಂಡು, “ನಿದ್ದೆ ಬರ್ತಿಲ್ಲ, ಏನಾದ್ರೂ ಕೊಡಿ” ಅನ್ನುತ್ತಿದ್ದ. ಚೀಟಿ ಇಲ್ಲದೆ ಕೊಡಲ್ಲಪ್ಪ ಅಂದರೆ, “ನಿಮ್ಮದು ಬಹಳ ಸ್ಟ್ರಿಕ್ಟು ಅಂಕಲ್” ಅಂತ ಹೊರಡುತ್ತಿದ್ದ. ಎಷ್ಟು ಸ್ಟ್ರಿಕ್ಟು ಅನ್ನುವುದು ನನಗೆ ಅರ್ಥವಾದದ್ದು ಒಂದು ಭಾನುವಾರ ಬೆಳಗಿನ ಜಾವ 3 ಗಂಟೆಗೆ.

ಬಾಗಿಲು ಬಡಿದವನು ಅವನೇ. “ಅಂಕಲ್, ಡೋಲೋ ಇದೆಯಾ? ಫ್ರೆಂಡಿಗೆ ಜ್ವರ. ಫುಡ್ ಪಾಯ್ಸನ್. ಗೋಬಿ ತಿಂದಿದ್ದ.” ಗೇಟಿನ ಮುಂದೆ ಕಾರು, ಒಳಗೆ ನಾಲ್ಕು ಜನ. ಹಿಂದಿನ ಸೀಟಿನಲ್ಲಿ ಒಬ್ಬನಿಗೆ ಕಂಬಳಿ ಸುತ್ತಿ ಕೂರಿಸಿದ್ದರು. ಹಣೆ ಮುಟ್ಟಿದೆ. ಕಾದ ಹೆಂಚು. ಕಣ್ಣಿನ ಪಾಪೆ ಕವಡೆಯಷ್ಟು ಅಗಲ, ದವಡೆ ಬಿಗಿದು ಹಲ್ಲು ಕಟಕಟ, ಬಾಯಲ್ಲಿ ಅರ್ಥವಿಲ್ಲದ ಮಾತು. ಗೋಬಿ ತಿಂದವನು ಹೀಗಿರುವುದಿಲ್ಲ ಅನ್ನುವುದು ತಿಳಿಯಲು ಡಿ.ಫಾರ್ಮ ಓದಬೇಕಾಗಿಲ್ಲ.

ಕನಕಪುರ ರಸ್ತೆಯಾಚೆಯ ಯಾವುದೋ ಫಾರ್ಮ್‌ಹೌಸಿಂದ ಹೊರಟು ಒಂದೂವರೆ ಗಂಟೆಯಾಗಿತ್ತಂತೆ. ದಾರಿಯಲ್ಲಿ ನಾಲ್ಕು ಆಸ್ಪತ್ರೆ ಸಿಕ್ಕಿದ್ದವು. ನಾಲ್ಕರ ಮುಂದೆಯೂ ಕಾರು ನಿಧಾನ ಮಾಡಿ, ‘ಆಸ್ಪತ್ರೆಯವರು ಪೊಲೀಸರಿಗೆ ಹೇಳುತ್ತಾರಾ’ ಅಂತ ಫೋನಿನಲ್ಲಿ ಹುಡುಕಿ, ಮತ್ತೆ ಗೇರು ಹಾಕಿದ್ದರು. 108ಕ್ಕೆ ಫೋನು ಮಾಡಲು ಯಾರಿಗೂ ಧೈರ್ಯ ಬಂದಿರಲಿಲ್ಲ. ಕೊನೆಗೆ, ಎಚ್-1 ರಿಜಿಸ್ಟರು ಬರೆಯುವ ಈ ಮುದುಕನೇ ಪೊಲೀಸರಿಗಿಂತ ವಾಸಿ ಅನ್ನಿಸಿದೆ.

ಬೆಂಗಳೂರಿಗೆ ಎಲ್ಲದಕ್ಕೂ ಡೋಲೋ ಒಂದೇ ಪರಿಹಾರ ಅನ್ನುವುದು ನನ್ನ ಹೊಟ್ಟೆಪಾಡಿಗೆ ಒಳ್ಳೆಯದೇ. ಆದರೆ ಪ್ಯಾರಾಸಿಟಮಾಲ್ ಇಳಿಸುವುದು ಜ್ವರವನ್ನು. ಜ್ವರ ಅಂದರೆ ಮೆದುಳು ತಾನೇ ತೀರ್ಮಾನ ಮಾಡಿ ಏರಿಸಿದ ಬಿಸಿ. ಇದು ಮೆದುಳಿನ ಕೈತಪ್ಪಿದ ಬಿಸಿ. ಡೋಲೋ ಕೊಡುವುದು ಮನೆಗೆ ಬೆಂಕಿ ಬಿದ್ದಾಗ ಒಲೆ ಆರಿಸಿದ ಹಾಗೆ. ಕಂಬಳಿ ಕಿತ್ತೆಸೆದು, ಬಟ್ಟೆ ಸಡಿಲಿಸಿ, ಬಕೆಟ್ ನೀರು ಸುರಿದು, ಕಾರಿನ ಕಿಟಕಿ ಎಲ್ಲ ಇಳಿಸಿ, ಲುಂಗಿಯಲ್ಲೇ ನಾನೂ ಹತ್ತಿಕೂತೆ.

ಆಸ್ಪತ್ರೆಯ ಡ್ಯೂಟಿ ಡಾಕ್ಟರಮ್ಮ ಈ ಹುಡುಗರ ವಯಸ್ಸಿನವಳೇ. ಥರ್ಮಾಮೀಟರು 106 ತೋರಿಸಿತು. ಆಕೆ ಯಾರನ್ನೂ ಬೈಯಲಿಲ್ಲ, ಯಾರ ಮಗ ಅಂತ ಕೇಳಲಿಲ್ಲ. ಐಸ್ ಪ್ಯಾಕ್ ಇಡಿಸುತ್ತಲೇ ಎರಡು ಪ್ರಶ್ನೆ ಹಾಕಿದಳು.

“ಏನು ತಗೊಂಡಿದಾನೆ? ಎಷ್ಟು ಹೊತ್ತಿಗೆ?”

ಮೊಸರಿನ ಜೊತೆ ಅಜಿತ್ರೋಮೈಸಿನ್ ಆಗುತ್ತದೋ ಇಲ್ಲವೋ ಅಂತ ಇಪ್ಪತ್ತು ನಿಮಿಷ ಕೊರೆದವನು ಗೋಡೆ ನೋಡಿದ.

“ನೀಲಿ, ಮೇಡಂ.”

“ಬಣ್ಣ ಕೇಳಲಿಲ್ಲ.”

“ಮೇಲೆ ಬುರುಡೆ ಇತ್ತು.”

ಮೂವತ್ತೊಂದು ವರ್ಷ ಔಷಧಿ ಮಾರಿದ್ದೇನೆ. ಇಲಿಪಾಷಾಣದ ಪೊಟ್ಟಣದ ಮೇಲೆ ಬುರುಡೆ ಚಿತ್ರ ಹಾಕುವುದು ಓದು ಬಾರದವನೂ ನೋಡಿ ಹೆದರಲಿ ಅಂತ. ಎಂಜಿನಿಯರಿಂಗ್ ಓದಿದವರು ಅದನ್ನೇ ಬ್ರ್ಯಾಂಡ್ ಅಂತ ನೋಡಿ ನುಂಗಿದ್ದರು. ಗೋಬಿಯ ಕೆಂಪಿಗೆ ಹೆದರಿದ ನಾಲಗೆ ಮಾತ್ರೆಯ ನೀಲಿಗೆ ಹೆದರಲಿಲ್ಲ. ‘ಬ್ರೋ’ ಪ್ರಾಮಾಣಿಕ. ಒಳಗಿರುವುದು ಏನು ಅಂತ ಮಾತ್ರೆಯ ನೆತ್ತಿಯ ಮೇಲೇ ಅಚ್ಚು ಹಾಕಿಸಿ ಮಾರಿದ್ದಾನೆ. ನನ್ನ ಸ್ಟ್ರಿಪ್ಪಿನ ಮೇಲೆ ಅಷ್ಟು ಸ್ಪಷ್ಟವಾಗಿ ಏನೂ ಬರೆದಿರುವುದಿಲ್ಲ.

ಮುಂದಿನ ಒಂಬತ್ತು ದಿನ ಆ ಹುಡುಗ ಐಸಿಯುನಲ್ಲಿ, ನಾನು ಹಳೆಯ ಪುಸ್ತಕಗಳಲ್ಲಿ. ಸಹವ್ಯಾಪಾರಿಯ ಸರಕಿನ ಬಗ್ಗೆ ತಿಳಿಯದಿದ್ದರೆ ಹೊಟ್ಟೆಕಿಚ್ಚಿಗೆ ಅಡಿಪಾಯ ಎಲ್ಲಿ?

ಸರಕಿನ ಹೆಸರು ಎಂಡಿಎಂಎ. ಎಕ್ಸ್‌ಟಸಿ, ಮೋಲಿ, ಬರೀ ‘ಎಂ’, ಎಲ್ಲ ಅದರ ಮುದ್ದಿನ ಹೆಸರು. ಹುಟ್ಟಿದ್ದು 1912ರಲ್ಲಿ, ಜರ್ಮನಿಯ ಡಾರ್ಮ್‌ಸ್ಟಾಟ್‌ನ ಮರ್ಕ್ ಕಂಪನಿಯ ಪ್ರಯೋಗಾಲಯದಲ್ಲಿ. ಅವರಿಗೆ ಬೇಕಾಗಿದ್ದದ್ದು ರಕ್ತಸ್ರಾವ ನಿಲ್ಲಿಸುವ ಒಂದು ಔಷಧಿ. ಅದನ್ನು ತಯಾರಿಸುವ ದಾರಿಯಲ್ಲಿ ನಡುವೆ ಸಿಕ್ಕ ವಸ್ತು ಇದು. ಪೇಟೆಂಟ್ ಕಾಗದದಲ್ಲಿ ಸೇರಿಸಿ ಮರೆತರು. ವಿಧಿಯ ಕುಚೇಷ್ಟೆ ನೋಡಿ: ರಕ್ತ ಹೆಪ್ಪುಗಟ್ಟಿಸುವ ಔಷಧಿಗೆ ಮೆಟ್ಟಿಲಾಗಿ ಹುಟ್ಟಿದ್ದು, ನೂರು ವರ್ಷದ ಮೇಲೆ ಮೈ ಕಾದ ಹುಡುಗರಲ್ಲಿ ರಕ್ತದ ಆ ಹೆಪ್ಪುಗಟ್ಟುವ ಲೆಕ್ಕವನ್ನೇ ತಪ್ಪಿಸಿ, ಕಂಡ ಕಂಡಲ್ಲಿ ಸೋರುವ ಹಾಗೆ ಮಾಡುತ್ತದೆ. 1985ರಲ್ಲಿ ಅಮೆರಿಕ ಅದನ್ನು ನಿಷೇಧಿಸಿತು. ಅದೇ ವರ್ಷ ನಮ್ಮಲ್ಲೂ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆ ಬಂತು. ಜಾರಿಯಾದ ದಿನ ನವೆಂಬರ್ 14, ಮಕ್ಕಳ ದಿನಾಚರಣೆ. ಅಂದು ಚಾಚಾ ನೆಹರೂ ಬಗ್ಗೆ ಭಾಷಣ ಮಾಡಿ ಪೆಪ್ಪರ್‌ಮಿಂಟ್ ತಿಂದ ಮಕ್ಕಳ ಮಕ್ಕಳೇ ಇಂದು ಬ್ರೋನ ಗಿರಾಕಿಗಳು.

ಈಗ ನಮ್ಮ ಹುಡುಗನ ನೆಚ್ಚಿನ ಪ್ರಶ್ನೆಗೆ ಬರೋಣ. ಈ ಮಾತ್ರೆ ಉಷ್ಣವಾ?

ಉಷ್ಣ ಕಣಪ್ಪ. ನಿನ್ನಜ್ಜಿ ಪಪ್ಪಾಯಿ ಉಷ್ಣ, ಹುರುಳಿ ಉಷ್ಣ ಅಂದದ್ದನ್ನೆಲ್ಲ ಒಂದು ತಕ್ಕಡಿಗೆ ಹಾಕಿದರೂ ತೂಗದಷ್ಟು ಉಷ್ಣ. ಮೆದುಳಿನಲ್ಲಿ ಸೆರೊಟೋನಿನ್ ಅಂತ ಒಂದು ದಿನಸಿ ಇರುತ್ತದೆ. ಮನಸ್ಸಿಗೆ ಸಮಾಧಾನ, ರಾತ್ರಿಗೆ ನಿದ್ದೆ, ಮೈಗೆ ಹದವಾದ ಬಿಸಿ, ಎಲ್ಲಕ್ಕೂ ಅದನ್ನು ಚಿಟಿಕೆ ಚಿಟಿಕೆಯಾಗಿ ಬಳಸಬೇಕು. ಈ ಮಾತ್ರೆ ತಿಂಗಳ ದಿನಸಿಯನ್ನು ಒಂದೇ ರಾತ್ರಿಯ ಔತಣಕ್ಕೆ ಸುರಿದುಬಿಡುತ್ತದೆ. ಅದಕ್ಕೇ ಆ ರಾತ್ರಿ ಕಂಡವರೆಲ್ಲ ಒಡಹುಟ್ಟಿದವರಂತೆ ಕಾಣುತ್ತಾರೆ, ಸ್ಪೀಕರ್ ಬಾಕ್ಸನ್ನೂ ಅಪ್ಪಿಕೊಳ್ಳಬೇಕು ಅನ್ನಿಸುತ್ತದೆ. ಮಂಗಳವಾರ ಡಬ್ಬ ತೆಗೆದರೆ ತಳ ಕಾಣುತ್ತದೆ. ಆಗ ಬಾಡಿದ ಬಾಳೆಲೆ ನನ್ನ ಕೌಂಟರಿಗೆ ಬಂದು ನಿದ್ದೆ ಮಾತ್ರೆ ಕೇಳುತ್ತದೆ. ದವಡೆ ಬಿಗಿಯುವುದಕ್ಕೆ ಚೂಯಿಂಗ್ ಗಮ್, ಬೆವರಿಗೆ ಎಲೆಕ್ಟ್ರಾಲ್, ಕೆಂಪು ಕಣ್ಣಿಗೆ ಡ್ರಾಪ್ಸ್. ನನ್ನ ಅಂಗಡಿ ಬ್ರೋನ ಅಂಗಡಿಯ ಪೂರಕ ಶಾಖೆಯಾಗಿತ್ತು. ಕಮಿಷನ್ ಮಾತ್ರ ಬಂದಿರಲಿಲ್ಲ.

ಮೈಯ ಬಿಸಿ ಕಾಯುವ ಕಾವಲುಗಾರ ಹೀಗೆ ಅಮಲಿನಲ್ಲಿ ಬಿದ್ದಾಗ, ಕಿಕ್ಕಿರಿದ ಹಾಲ್‌ನಲ್ಲಿ, ಗಂಟೆಗಟ್ಟಲೆ ಕುಣಿದರೆ 106 ದಾಟುವುದು ಅದ್ಭುತವೇನಲ್ಲ. ಮಾಂಸಖಂಡ ಬೆಂದು ಕರಗಿ ರಕ್ತಕ್ಕೆ ಸೇರುತ್ತದೆ. ಅದನ್ನು ಸೋಸಲು ಹೋಗಿ ಕಿಡ್ನಿ ಕಟ್ಟಿಕೊಳ್ಳುತ್ತದೆ. ಐಸಿಯುನಲ್ಲಿದ್ದ ಹುಡುಗನಿಗೆ ಡಯಾಲಿಸಿಸ್ ಮಾಡಿಸಿದ್ದು ಇದಕ್ಕೇ. ‘ನೀರು ಕುಡಿದರೆ ಏನೂ ಆಗಲ್ಲ ಮಗಾ’ ಅನ್ನುವ ಪಂಡಿತರೂ ಪಾರ್ಟಿಯಲ್ಲಿ ಇರುತ್ತಾರೆ. 1995ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಒಬ್ಬ ಹುಡುಗಿ ತನ್ನ ಹದಿನೆಂಟನೇ ಹುಟ್ಟುಹಬ್ಬಕ್ಕೆ ಒಂದೇ ಒಂದು ಮಾತ್ರೆ ನುಂಗಿ, ಆ ಪಂಡಿತರ ಮಾತಿನಂತೆಯೇ ಒಂದೂವರೆ ಗಂಟೆಯಲ್ಲಿ ಸುಮಾರು 7 ಲೀಟರ್ ನೀರು ಕುಡಿದಳು. ಈ ಮಾತ್ರೆ ಮೂತ್ರವನ್ನೂ ಹಿಡಿದಿಡುತ್ತದೆ. ಒಳಗೆ ಹೋದ ನೀರು ಹೊರಗೆ ಬರಲಿಲ್ಲ, ರಕ್ತದಲ್ಲಿ ಉಪ್ಪಿನಂಶ ಕುಸಿಯಿತು, ಮೆದುಳು ಊದಿತು. ಹುಡುಗಿ ಉಳಿಯಲಿಲ್ಲ. ಕುಡಿಯದಿದ್ದರೆ ಬೇಯುತ್ತೀ, ಅತಿಯಾಗಿ ಕುಡಿದರೆ ಊದುತ್ತೀ. ನನ್ನ ಅಂಗಡಿಯ ಯಾವ ಮಾತ್ರೆಯಾದರೂ ಹೀಗಿದ್ದರೆ ಬೀದಿಯವರು ಸೇರಿ ಅಂಗಡಿಗೆ ಬೀಗ ಜಡಿದಿರುತ್ತಿದ್ದರು.

ಇದೆಲ್ಲ ಮಾತ್ರೆಯೊಳಗೆ ಎಂಡಿಎಂಎ ಇದ್ದರೆ. ಇದೆ ಅನ್ನುವುದಕ್ಕೆ ಬ್ರೋನ ಮಾತೇ ಪ್ರಮಾಣಪತ್ರ. 2015ರ ಹೊಸ ವರ್ಷದ ಆಸುಪಾಸಿನಲ್ಲಿ ಬ್ರಿಟನ್ನಿನಲ್ಲಿ ಸೂಪರ್‌ಮ್ಯಾನ್ ಗುರುತಿನ ಕೆಂಪು ಮಾತ್ರೆ ನುಂಗಿ ಕೆಲವರು ಸತ್ತರು. ಒಳಗಿದ್ದದ್ದು ಪಿಎಂಎಂಎ ಅನ್ನುವ ಇನ್ನೊಂದು ಜಾತಿ. ಅದು ಏರುವುದು ನಿಧಾನ. ‘ಮಾಲು ಡಲ್ಲು ಗುರು, ಏನೂ ಆಗ್ತಿಲ್ಲ’ ಅಂತ ಇನ್ನೊಂದು ನುಂಗುವಷ್ಟರಲ್ಲಿ ಮೊದಲನೆಯದು ತಲೆಗೇರುತ್ತದೆ, ಹಿಂದೆಯೇ ಎರಡನೆಯದು. ಅಸಲಿ ಮಾಲೇ ಆದರೂ, ಯೂರೋಪಿನ ಪ್ರಯೋಗಾಲಯಗಳು ತೆರೆದು ನೋಡಿದ ಹಳೆಯ ಮಾತ್ರೆಗಳಲ್ಲಿ 80 ಮಿಲಿಗ್ರಾಂ ಆಸುಪಾಸು ಇದ್ದರೆ, ಈಚಿನ ಕೆಲವದರಲ್ಲಿ 300 ಮಿಲಿಗ್ರಾಂ ದಾಟಿದ್ದೂ ಉಂಟು. ಅದೇ ಬಣ್ಣ, ಅದೇ ಅಚ್ಚು. ನನ್ನ ಡೋಲೋ 650ರಲ್ಲಿ 640 ಇದ್ದರೆ ‘ಮೋಸ’ ಅಂತ ಕೂಗುವ ಗಿರಾಕಿ ಅಲ್ಲಿ ನಾಲ್ಕು ಪಟ್ಟು ಹೆಚ್ಚು ಸಿಕ್ಕರೆ ‘ಬ್ರೋ ಒಳ್ಳೆಯವನು’ ಅನ್ನುತ್ತಾನೆ. ಮತ್ತೆ ಆ ಬುರುಡೆ? 2023ರ ಬೇಸಿಗೆಯಲ್ಲಿ ಅದೇ ಅಚ್ಚಿನ ನೀಲಿ ಮಾತ್ರೆ ಜರ್ಮನಿಯಲ್ಲಿ 13 ವರ್ಷದ ಹುಡುಗಿಯೊಬ್ಬಳ ಜೀವ ತೆಗೆದ ಸುದ್ದಿ ಬಂದಿತ್ತು. ಹುಟ್ಟಿದ ಮನೆಯನ್ನೂ ಬಿಡುವ ಮಾತ್ರೆಯಲ್ಲ ಇದು.

ಬ್ರೋನ ಕಪಾಟಿನಲ್ಲಿ ಬೇರೆ ಸರಕೂ ಇದೆ. ಕೆಟಮಿನ್: ಆಪರೇಷನ್ನಿಗೆ ಮುಂಚೆ ಕೊಡುವ ಅರಿವಳಿಕೆ, ಕಾಯ್ದೆಯ ಪ್ರಕಾರ ನನ್ನ ಬೀಗದ ಕಪಾಟಿನಲ್ಲಿರಬೇಕಾದದ್ದು. ಅದನ್ನು ಮೂಗಿಗೇರಿಸುತ್ತ ಹೋದವರ ಮೂತ್ರಕೋಶ ಹುಣ್ಣಾಗಿ ಸುಕ್ಕುತ್ತದೆ. ಇಪ್ಪತ್ತೈದರ ಹುಡುಗ ಎಪ್ಪತ್ತೈದರ ಅಜ್ಜನ ಹಾಗೆ ಅರ್ಧ ಗಂಟೆಗೊಮ್ಮೆ ಏಳುತ್ತಾನೆ. ಅಜ್ಜನಾದರೂ ಕುಣಿಯಲು ಹೋಗುವುದಿಲ್ಲ. ಜಿಎಚ್‌ಬಿ: ಬಣ್ಣವಿಲ್ಲದ ನೀರಿನಂಥದು. ಮತ್ತಿಗೂ ಉಸಿರು ನಿಲ್ಲುವುದಕ್ಕೂ ನಡುವೆ ಕೂದಲೆಳೆಯ ಅಂತರ. ಮದ್ಯ ಸೇರಿದರೆ ಆ ಎಳೆಯೂ ಇಲ್ಲ. ಹುಡುಗಿಯರ ಗ್ಲಾಸಿಗೆ ಕದ್ದು ಬೆರೆಸುವ ನೀಚರ ಕೈಗೂ ಸಿಗುವುದು ಇದೇ. ಎಲ್‌ಎಸ್‌ಡಿ ಅಂತ ಮಾರುವ ಅಂಚೆಚೀಟಿಯಂಥ ಕಾಗದದ ಚೂರಿನಲ್ಲಿ ಎಲ್‌ಎಸ್‌ಡಿಯೇ ಇರಬೇಕೆಂಬ ನೇಮವೂ ಇಲ್ಲ. ಅಂಚೆಯ ಮಾತು ಬಂದದ್ದಕ್ಕೆ ನೆನಪಾಯಿತು: 2024ರಲ್ಲಿ ಚಾಮರಾಜಪೇಟೆಯ ವಿದೇಶಿ ಅಂಚೆ ಕಚೇರಿಯಲ್ಲಿ ವಾರಸುದಾರರೇ ಇಲ್ಲದ ನೂರಾರು ಪಾರ್ಸೆಲ್ಲುಗಳಿಂದ ಸಿಸಿಬಿ ಪೊಲೀಸರು ಕೋಟಿಗಟ್ಟಲೆ ಬೆಲೆಯ ಮಾದಕ ವಸ್ತು ಹಿಡಿದರು. ನಮ್ಮೂರಿಂದ ಅಕ್ಕ ಕಳಿಸಿದ ಉಪ್ಪಿನಕಾಯಿ ಡಬ್ಬ ಮೂರು ದಿನದಲ್ಲಿ ಒಡೆದು ಬರುತ್ತದೆ. ಬ್ರೋನ ಪಾರ್ಸೆಲ್ಲು ಸಮುದ್ರ ದಾಟಿ ಭದ್ರವಾಗಿ ಬಂದು ಕೂತಿರುತ್ತದೆ.

ಒಂಬತ್ತು ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನಾನು ಕೇಳಿಸಿಕೊಂಡ ಪ್ರಶ್ನೆಗಳ ಪಟ್ಟಿ ನನ್ನ ಎಚ್-1 ರಿಜಿಸ್ಟರಿಗಿಂತ ಉದ್ದವಿದೆ. ಕಾರಿನಲ್ಲಿದ್ದ ಗೆಳೆಯರ ಪ್ರಶ್ನೆ: “ನಮ್ಮ ಹೆಸರು ಬರುತ್ತಾ?” ಫಾರ್ಮ್‌ಹೌಸಿನವರದು ಫೋನಿನಲ್ಲಿ: “ಗೇಟಿಂದ ಆಚೆ ಹೋದಮೇಲೆ ತಾನೆ ಬಿದ್ದಿದ್ದು?” ಮಲಗಿದ್ದ ಹುಡುಗನ ಅಪ್ಪ, ಗೌರವಸ್ಥರು, ರಾತ್ರೋರಾತ್ರಿ ಬಸ್ಸು ಹಿಡಿದು ಬಂದವರು. ಮಗನ ಕಾಲು ಸವರಿ ಹೊರಗೆ ಬಂದು, ನನ್ನನ್ನು ಮೂಲೆಗೆ ಕರೆದು, ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡು ಕೇಳಿದರು: “ನೀವು ಮೆಡಿಕಲ್ ಲೈನಿನವರು. ರಿಪೋರ್ಟಲ್ಲಿ ಫುಡ್ ಪಾಯ್ಸನ್ ಅಂತ ಬರೆಸೋಕಾಗಲ್ವಾ? ಮಗಳ ಮದುವೆ ಮಾತುಕತೆ ನಡೀತಿದೆ.” ಒಳಗೆ ಒಂದು ಮಗುವಿನ ಕಿಡ್ನಿ, ಹೊರಗೆ ಇನ್ನೊಂದು ಮಗುವಿನ ಮದುವೆ. ನಮ್ಮಲ್ಲಿ ಪ್ರಾಣಕ್ಕೆ ಒಂದೇ ಡಾಕ್ಟರು. ಮಾನಕ್ಕೆ ಊರೆಲ್ಲ ಡಾಕ್ಟರು.

ಪೊಲೀಸರ ಪ್ರಶ್ನೆ: “ಎಷ್ಟು ಗ್ರಾಂ?” ಅವರನ್ನು ಅಂದು ಫಲವಿಲ್ಲ, ಕಾನೂನೇ ಅಕ್ಕಸಾಲಿಗನ ತಕ್ಕಡಿ ಹಿಡಿದು ಕೂತಿದೆ. ಎಂಡಿಎಂಎ ಅರ್ಧ ಗ್ರಾಂವರೆಗೆ ಅಲ್ಪ ಪ್ರಮಾಣ, 10 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ ಹತ್ತು ವರ್ಷ ಜೈಲು. ಗಾಂಜಾಕ್ಕಾದರೆ ಆ ಗೆರೆ 20 ಕಿಲೋ. ನಮ್ಮ ಹುಡುಗನ ಹೊಟ್ಟೆಗೆ ಹೋದದ್ದು ಕಾನೂನಿನ ತಕ್ಕಡಿಯಲ್ಲಿ ಅಲ್ಪ ಪ್ರಮಾಣ. ಕಿಡ್ನಿಯ ತಕ್ಕಡಿಯಲ್ಲಿ ವಾಣಿಜ್ಯ ಪ್ರಮಾಣ. ಅದೇ ಕಾಯ್ದೆಯಲ್ಲಿ 64ಎ ಅಂತ ಒಂದು ಸಣ್ಣ ಹಿತ್ತಲ ಬಾಗಿಲೂ ಇದೆ: ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಹೋಗಿ ಅದನ್ನು ಪೂರ್ತಿ ಮಾಡಿದರೆ, ಸೇವನೆಯ ಮತ್ತು ಅಲ್ಪ ಪ್ರಮಾಣದ ಕೇಸಿನಿಂದ ರಕ್ಷಣೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ, ನನ್ನ ಅಂಗಡಿಯಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರ. ಪಾರ್ಟಿಯ ಲೊಕೇಷನ್ ಎಲ್ಲ ಹುಡುಗರ ಫೋನಿಗೂ ಬರುತ್ತದೆ. ಈ ಲೊಕೇಷನ್ ಯಾರೂ ಕಳಿಸುವುದಿಲ್ಲ.

ಟೀವಿಯವರ ಪ್ರಶ್ನೆ ಒಂದೇ: “ನಟಿ ಯಾರಾದರೂ ಇದ್ದರಾ?” ಇರಲಿಲ್ಲ. ಹಾಗಾಗಿ ಕ್ಯಾಮೆರಾ ಬರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಚಿತ್ರರಂಗದ ಡ್ರಗ್ಸ್ ಕೇಸು ಅಂತ ಎದ್ದಾಗ ತಿಂಗಳುಗಟ್ಟಲೆ ಯಾರ ತಲೆಗೂದಲನ್ನು ಯಾವ ಲ್ಯಾಬಿಗೆ ಕಳಿಸಿದರು ಅನ್ನುವುದೇ ರಾಜ್ಯದ ಮುಖ್ಯ ಸುದ್ದಿ. ಮುಂದೆ ಆ ಆರೋಪಿಗಳಲ್ಲಿ ಕೆಲವರ ಮೇಲಿನ ಕೇಸನ್ನು ಹೈಕೋರ್ಟು ರದ್ದು ಮಾಡಿದ್ದು ತೆರೆಯ ಅಡಿಯ ಪಟ್ಟಿಯಲ್ಲಿ ಓಡಿಹೋಯಿತು. ನಾಲ್ಕು ವರ್ಷ ಬಿಟ್ಟು, 2024ರ ಮೇನಲ್ಲಿ ಎಲೆಕ್ಟ್ರಾನಿಕ್ ಸಿಟಿ ಬಳಿ ಹೆಬ್ಬಗೋಡಿಯ ಫಾರ್ಮ್‌ಹೌಸಿನ ದಾಳಿ. ಪೊಲೀಸರು ಹೇಳಿದ ಲೆಕ್ಕದಂತೆ ರಕ್ತ ಕೊಟ್ಟ 103 ಜನರಲ್ಲಿ 86 ಜನರದು ಪಾಸಿಟಿವ್. ಆಗಲೂ ಚರ್ಚೆಯಾದದ್ದು ಕಾರುಗಳ ಮೇಲಿನ ಪಾಸು ಯಾರದು, ವಿಡಿಯೋದಲ್ಲಿರುವುದು ಯಾರು ಅಂತ. ಆ 86 ಜನ ನುಂಗಿದ್ದರಲ್ಲಿ ಏನಿತ್ತು, ಎಷ್ಟಿತ್ತು ಅಂತ ಯಾವ ಆ್ಯಂಕರನ ಗಂಟಲೂ ಹರಿಯಲಿಲ್ಲ.

ಕೇಳಿದ್ದರೂ ಹೇಳುವವರು ಯಾರು? ನೆದರ್‌ಲೆಂಡ್ಸ್‌ನಲ್ಲಿ 1990ರ ದಶಕದಿಂದಲೇ, ನುಂಗುವ ಮುಂಚೆ ಮಾತ್ರೆಯನ್ನು ಪರೀಕ್ಷೆಗೆ ಕೊಡುವ ಸರ್ಕಾರಿ ಏರ್ಪಾಡಿದೆ. ಅಪಾಯದ ಮಾಲು ಕಂಡರೆ ಊರಿಗೆಲ್ಲ ಎಚ್ಚರಿಕೆ ಹೊರಡುತ್ತದೆ. ಅದು ಸರಿಯೋ ತಪ್ಪೋ ಅಂತ ದೊಡ್ಡವರು ವಾದಿಸಲಿ. ನಮ್ಮಲ್ಲಿ ಪರೀಕ್ಷೆ ಮಾತ್ರೆಗಲ್ಲ, ಮೂತ್ರಕ್ಕೆ. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ನಮ್ಮ ಬಡಾವಣೆಗೆ ಕೂಗಳತೆಯಲ್ಲೇ ಇದೆ. ಮಾತ್ರೆಯಲ್ಲಿ ಏನಿತ್ತು ಅಂತ ಅದು ಖಂಡಿತ ಹೇಳುತ್ತದೆ, ಜಡ್ಜ್ ಸಾಹೇಬರಿಗೆ. ನುಂಗಿದವನು ಆ ವರದಿ ಓದಬೇಕಾದರೆ ಎರಡು ಷರತ್ತು: ಅವನು ಆರೋಪಿಯಾಗಿರಬೇಕು, ಮತ್ತು ಬದುಕಿರಬೇಕು.

ಹಾಗೆ ನೋಡಿದರೆ ಎಲ್ಲರೂ ಪ್ರಶ್ನೆ ಕೇಳುವವರೇ. ಎಷ್ಟು ಗ್ರಾಂ, ಯಾರ ಹೆಸರು, ಯಾವ ನಟಿ, ಯಾರ ಗೇಟು, ಯಾರಿಗೆ ಗೊತ್ತಾಯ್ತು. ಏನು ನುಂಗಿದೆ, ಎಷ್ಟು ಹೊತ್ತಾಯ್ತು ಅಂತ ಕೇಳಿದವಳು ಇಡೀ ಬೆಂಗಳೂರಿನಲ್ಲಿ ಆ ಡ್ಯೂಟಿ ಡಾಕ್ಟರಮ್ಮ ಒಬ್ಬಳೇ. ಅವಳಿಗೆ ಸಿಕ್ಕ ಉತ್ತರ: ನೀಲಿ.

ನನ್ನ ಪ್ರಶ್ನೆ ಏನಾಗಿತ್ತು ಅಂತ ನೀವು ಕೇಳುವ ಮೊದಲು ಹೇಳಿಬಿಡುತ್ತೇನೆ. ಚೂಯಿಂಗ್ ಗಮ್, ಎಲೆಕ್ಟ್ರಾಲ್, ಕಣ್ಣಿನ ಡ್ರಾಪ್ಸ್, ಮಂಗಳವಾರದ ಮುಖ. ನಾಲ್ಕನೇ ಶುಕ್ರವಾರದ ಹೊತ್ತಿಗೇ ಇದು ಕ್ರಿಕೆಟ್ಟಲ್ಲ ಅಂತ ನನಗೆ ಗೊತ್ತಾಗಿತ್ತು. ನಮ್ಮ ಮನೆಯವಳು ಎರಡು ಸಲ ಅಂದಿದ್ದಳು, “ಆ ಹುಡುಗನ ಬಣ್ಣ ಸರಿಯಿಲ್ಲ ಕಣ್ರೀ, ಒಂದು ಮಾತು ಕೇಳಿ.” ನಾನು ಕೇಳಿದ್ದು ಒಂದೇ, ಪ್ರತಿ ತಿಂಗಳು ಒಂದನೇ ತಾರೀಕು: “ಬಾಡಿಗೆ ಹಾಕಿದ್ಯೇನಪ್ಪಾ?” ಹಾಕಿರುತ್ತಿದ್ದ. ಒಂದು ದಿನವೂ ತಡ ಮಾಡಿದವನಲ್ಲ. ಅಂಥ ಬಾಡಿಗೆದಾರನ ಚಾರಿತ್ರ್ಯದ ಮೇಲೆ ಅನುಮಾನ ಪಡುವುದು ಬೆಂಗಳೂರಿನ ಮನೆ ಮಾಲೀಕರ ಧರ್ಮವಲ್ಲ.

ಐಸಿಯುನಲ್ಲಿದ್ದ ಹುಡುಗ ಬದುಕಿದ. ಕಿಡ್ನಿ ನಿಧಾನಕ್ಕೆ ದಾರಿಗೆ ಬಂದಿದೆ ಅಂತ ಸುದ್ದಿ. ಅವರ ಊರಿನಲ್ಲಿ ಈಗಲೂ ಅದು ಗೋಬಿ ಮಂಚೂರಿಯ ಕೆಲಸ. ಅಲ್ಲಿನ ಗೋಬಿ ಗಾಡಿಯವನಿಗೆ ವ್ಯಾಪಾರ ಬಿದ್ದುಹೋಗಿದೆಯಂತೆ. ನಮ್ಮ ಎರಡನೇ ಮಹಡಿಯ ಹುಡುಗ ಅಡ್ವಾನ್ಸು ವಾಪಸ್ ಇಸಕೊಂಡು ಊರಿಗೆ ಹೋದ. ಮಂಡಿಯಲ್ಲಿ ಕೂತು ಕಾಯಿ ತಟ್ಟಿ ನೋಡುತ್ತಾನಂತೆ. ಟೆಸ್ಟಿಂಗೇ.

ಮೊನ್ನೆ ಶುಕ್ರವಾರ ಸಂಜೆ ಅಂಗಡಿಗೆ ಹೊಸ ಮುಖ ಬಂತು. ಎದುರು ಪಿಜಿಗೆ ಈಚೆಗೆ ಸೇರಿದ ಹುಡುಗನಿರಬೇಕು, ಮೀಸೆ ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ. ಚೂಯಿಂಗ್ ಗಮ್ ಒಂದು ಡಬ್ಬಿ ಅಂದ. ಎಲೆಕ್ಟ್ರಾಲ್ ಆರು ಅಂದ. ಕಣ್ಣಿನ ಡ್ರಾಪ್ಸ್ ಅಂದ. ನನ್ನ ಕೈ ಬಿಲ್ಲಿನ ಮೇಲೇ ನಿಂತಿತು. ಮೂವತ್ತೊಂದು ವರ್ಷ ಬರೀ ಉತ್ತರ ಕೊಟ್ಟು ಅಭ್ಯಾಸವಾದವನು ನಾನು. ಗಂಟಲು ಸರಿಮಾಡಿಕೊಂಡು, ಕೌಂಟರಿನ ಮೇಲೆ ಬಾಗಿ, ಮೆಲ್ಲಗೆ ಹೇಳಿದೆ:

“ಅದು ಬಹಳ ಉಷ್ಣ ಕಣಪ್ಪ. ಗೊತ್ತಾ?”

ಹುಡುಗ ಗಾಬರಿಯಾಗಿ ಡಬ್ಬಿಯನ್ನು ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದ.

“ಯಾವುದು ಅಂಕಲ್, ಚೂಯಿಂಗ್ ಗಮ್ಮಾ?”